ಸಂಕಟ, ವೆಂಕಟರಮಣ ಮತ್ತು ಸಾಲ: 1998ರ ಇಂಡೋನೇಷ್ಯಾದ ಒಂದು ಪ್ರಕರಣ

'ಸಂಕಟ ಬಂದಾಗ ವೆಂಕಟರಮಣ' ಅನ್ನುವ ಗಾದೆಯನ್ನು ನಾವು ಹೆಚ್ಚಾಗಿ ಬಳಸುವುದು ಚುಚ್ಚುವುದಕ್ಕೆ. ಕೈಯಲ್ಲಿ ಕಾಸಿದ್ದಾಗ ದೇವರ ನೆನಪಿಲ್ಲ, ಖಾಲಿಯಾದ ಕೂಡಲೇ ಕೈ ಮುಗಿಯುತ್ತಾನೆ ಅಂತ. ಗಾದೆ ಎಷ್ಟರ ಮಟ್ಟಿಗೆ ನಿಜ ಅಂತ ನೋಡಲು ಹೊರಟರೆ ಮಾತ್ರ ಕಷ್ಟ ಶುರುವಾಗುತ್ತದೆ. ಬಡವರು ಜಾಸ್ತಿ ಪ್ರಾರ್ಥನೆ ಮಾಡುತ್ತಾರೆ ಅಂತ ಲೆಕ್ಕ ತೋರಿಸುವುದು ಸುಲಭ. ಆದರೆ ಬಡತನದಿಂದ ಭಕ್ತಿ ಬಂತೋ, ದುಡ್ಡು ಮತ್ತು ಹೊತ್ತು ಎರಡೂ ಭಕ್ತಿಗೇ ಹೋಗಿ ಬಡತನ ಬಂತೋ? ಅಥವಾ ಓದು, ಊರು, ಮನೆತನ ಇಂಥದ್ದೇನೋ ಎರಡಕ್ಕೂ ಕಾರಣವಾಗಿದೆಯೋ? ಲೆಕ್ಕ ಅದನ್ನು ಹೇಳುವುದಿಲ್ಲ.

ಹೇಳಬೇಕಾದರೆ ಒಂದು ವಿಚಿತ್ರ ಸನ್ನಿವೇಶ ಬೇಕು. ಒಂದೇ ಊರು, ಒಂದೇ ಧರ್ಮ, ಒಂದೇ ಮಸೀದಿ. ಅಲ್ಲಿ ಕೆಲವರ ಬದುಕು ಇದ್ದಕ್ಕಿದ್ದ ಹಾಗೆ ಕುಸಿಯಬೇಕು, ಪಕ್ಕದ ಮನೆಯವರು ಹೆಚ್ಚು ಏಟು ತಿನ್ನದೆ ಉಳಿಯಬೇಕು. ಯಾರು ಬಿದ್ದರು, ಯಾರು ಉಳಿದರು ಅನ್ನುವುದಕ್ಕೆ ಅವರ ಭಕ್ತಿ ಕಾರಣವಾಗಿರಬಾರದು. ಯಾರೂ ಬೇಕೆಂದು ಇಂಥ ಪ್ರಯೋಗ ಮಾಡುವುದಿಲ್ಲ, ಮಾಡಲೂಬಾರದು. 1997-98ರಲ್ಲಿ ಇಂಡೋನೇಷ್ಯಾದ ಹಳ್ಳಿಗಳಲ್ಲಿ ಅದು ತಾನಾಗಿಯೇ ನಡೆಯಿತು.

ರುಪಿಯಾ ಬಿದ್ದ ವರ್ಷ

1997ರ ಜುಲೈ 2ರಂದು ಥಾಯ್ಲೆಂಡ್ ತನ್ನ ಬಾತ್ ನಾಣ್ಯವನ್ನು ಡಾಲರ್‌ ಜೊತೆಗಿನ ಕಟ್ಟಿನಿಂದ ಬಿಟ್ಟಿತು. ಬೆಂಕಿ ಅಲ್ಲಿಂದ ಹಬ್ಬಿತು. ಆಗಸ್ಟ್ 14ರಂದು ಇಂಡೋನೇಷ್ಯಾವೂ ರುಪಿಯಾವನ್ನು ಹಿಡಿದಿಡುವುದನ್ನು ಕೈಬಿಟ್ಟಿತು. ಅದಕ್ಕೂ ಮುಂಚೆ ಒಂದು ಡಾಲರ್‌ಗೆ ಸುಮಾರು 2,400 ರುಪಿಯಾ ಇತ್ತು. 1998ರ ಜನವರಿಯಲ್ಲಿ ಅದು 10,000 ದಾಟಿತು. ಜೂನ್‌ನಲ್ಲಿ 16,000ದ ಆಸುಪಾಸಿಗೆ ಹೋಯಿತು. ಈ ನಡುವೆ 1997ರ ನವೆಂಬರ್ 1ರಂದು ಸರ್ಕಾರ 16 ಬ್ಯಾಂಕುಗಳನ್ನು ಒಟ್ಟಿಗೇ ಮುಚ್ಚಿತು. ಜನ ಹೆದರಿ ಉಳಿದ ಖಾಸಗಿ ಬ್ಯಾಂಕುಗಳಿಂದಲೂ ದುಡ್ಡು ತೆಗೆಯಲು ಸಾಲುಗಟ್ಟಿ ನಿಂತರು.

1998ರ ಜನವರಿ 15ರ ಒಂದು ಫೋಟೋ ಬಹಳ ಜನರಿಗೆ ನೆನಪಿರಬಹುದು. ಅಧ್ಯಕ್ಷ ಸುಹಾರ್ತೊ ಬಗ್ಗಿ ಒಪ್ಪಂದಕ್ಕೆ ಸಹಿ ಹಾಕುತ್ತಿದ್ದಾರೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯಸ್ಥ ಮಿಶೆಲ್ ಕಾಮ್ಡೆಸ್ಸು ಎದೆಯ ಮೇಲೆ ಕೈ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದಾರೆ, ಹೋಮ್‌ವರ್ಕ್ ಮಾಡಿಸುವ ಮೇಷ್ಟ್ರ ಹಾಗೆ. ನಾಲ್ಕು ತಿಂಗಳ ನಂತರ, ಮೇ 21ರಂದು, ಮೂರು ದಶಕ ಆಳಿದ ಸುಹಾರ್ತೊ ಕೆಳಗಿಳಿದರು. ಆ ವರ್ಷ ದೇಶದ ಒಟ್ಟು ಉತ್ಪನ್ನ ಸುಮಾರು 13 ಶೇಕಡ ಕುಗ್ಗಿತು. ಬೆಲೆಗಳು ಸುಮಾರು 78 ಶೇಕಡ ಏರಿದವು. ಅದರ ಮೇಲೆ ಎಲ್ ನಿನೋದ ಬರಗಾಲ ಬೇರೆ.

ಈ ಕಥೆಯನ್ನು ಸಾಮಾನ್ಯವಾಗಿ ಜಕಾರ್ತದಿಂದ ಹೇಳುತ್ತಾರೆ. ನಮಗೆ ಬೇಕಾದದ್ದು ಹಳ್ಳಿಯಲ್ಲಿದೆ.

ಸಂಬಳದವನು ಬಿದ್ದ, ಗದ್ದೆಯವನು ನಿಂತ

ಮಾಮೂಲಿ ದಿನಗಳಲ್ಲಿ ಹಳ್ಳಿಯಲ್ಲಿ ನೆಮ್ಮದಿಯ ಕೆಲಸ ಯಾವುದು? ಸರ್ಕಾರಿ ನೌಕರಿ. ಶಾಲೆಯ ಮೇಷ್ಟ್ರು, ಕಚೇರಿಯ ಗುಮಾಸ್ತ. ಮಳೆ ಬರಲಿ ಬಿಡಲಿ, ತಿಂಗಳ ಕೊನೆಗೆ ಸಂಬಳ ಬರುತ್ತದೆ. 1998ರಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಸಂಬಳದ ಅಂಕಿ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು, ಸಾಮಾನಿನ ಬೆಲೆ ಓಡುತ್ತಿತ್ತು. ಅಕ್ಕಿಯ ಬೆಲೆಯಂತೂ ಉಳಿದ ಎಷ್ಟೋ ಸಾಮಾನುಗಳನ್ನು ಹಿಂದಿಕ್ಕಿ ಏರಿತು. ಹಾಗಾಗಿ ನೀರು ನಿಲ್ಲುವ ಭತ್ತದ ಗದ್ದೆ ಇದ್ದವನಿಗೆ ಏಟು ಅಷ್ಟಾಗಿ ತಗಲಲಿಲ್ಲ. ಅಲ್ಲಿ ಇಂಥ ಗದ್ದೆಗೆ 'ಸಾವಾ' ಅನ್ನುತ್ತಾರೆ. ಉಣ್ಣಲು ಮನೆಯ ಅಕ್ಕಿ ಇತ್ತು. ಮಿಕ್ಕದ್ದನ್ನು ಒಳ್ಳೆಯ ಬೆಲೆಗೆ ಮಾರುತ್ತಿದ್ದ.

ಅಂದರೆ ಒಂದೇ ಊರಿನಲ್ಲಿ ಎರಡು ಮನೆ. ಒಂದಕ್ಕೆ ಸಂಬಳವೇ ಆಸರೆ, ಇನ್ನೊಂದಕ್ಕೆ ಗದ್ದೆ. ರುಪಿಯಾ ಬೀಳುವ ಮುಂಚೆ ಗದ್ದೆ ಕೊಂಡವನು ಈ ಬಿಕ್ಕಟ್ಟನ್ನು ಕಂಡು ಕೊಂಡಿರಲಿಲ್ಲ. ನೌಕರಿ ಹಿಡಿದವನೂ ಅಷ್ಟೇ. ಯಾರು ಎಷ್ಟು ಸಲ ಮಸೀದಿಗೆ ಹೋಗುತ್ತಿದ್ದರು ಅನ್ನುವುದಕ್ಕೂ ಅಕ್ಕಿಯ ಬೆಲೆಗೂ ಸಂಬಂಧವೇ ಇರಲಿಲ್ಲ.

ಇನ್ನೊಂದು ಅದೃಷ್ಟವೂ ಕೂಡಿ ಬಂತು. ಇಂಡೋನೇಷ್ಯಾದ ಅಂಕಿ-ಅಂಶ ಇಲಾಖೆ 'ನೂರು ಹಳ್ಳಿಗಳ ಸಮೀಕ್ಷೆ' ಅಂತ ಒಂದನ್ನು ನಡೆಸುತ್ತಿತ್ತು. ಒಂದು ಸುತ್ತು 1997ರ ಮೇ ತಿಂಗಳಲ್ಲಿ, ಬಿರುಗಾಳಿಗೆ ಸ್ವಲ್ಪ ಮುಂಚೆ, ಮುಗಿದಿತ್ತು. ಮುಂದಿನದು 1998ರ ಆಗಸ್ಟ್‌ನಲ್ಲಿ, ಬಿರುಗಾಳಿಯ ನಡುವೆಯೇ. ಡೇನಿಯಲ್ ಚೆನ್ ಅನ್ನುವ ಅರ್ಥಶಾಸ್ತ್ರಜ್ಞ ಈ ಸಮೀಕ್ಷೆಯನ್ನು ಹಿಡಿದುಕೊಂಡು ಕೂತರು. ಅವರ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅವರು ಕೇಳಿದ ಪ್ರಶ್ನೆ ಸರಳವಾಗಿತ್ತು. ಜಾಸ್ತಿ ಪೆಟ್ಟು ತಿಂದ ಮನೆಗಳು ಧರ್ಮದ ಕೂಟಗಳ ಕಡೆಗೆ ಜಾಸ್ತಿ ವಾಲಿದವೇ?

ವಾಲಿದವು. ಕುರಾನ್ ಓದುವ ಕೂಟಕ್ಕೆ ಹೋಗುವುದು ಹೆಚ್ಚಾಯಿತು. ಮಕ್ಕಳನ್ನು ಇಸ್ಲಾಮಿಕ್ ಶಾಲೆಗೆ ಕಳಿಸುವುದೂ ಹೆಚ್ಚಾಯಿತು. ಒಟ್ಟಾರೆ ಎಲ್ಲರಲ್ಲೂ ಒಂದೇ ಸಮನಾಗಿ ಅಲ್ಲ, ಕೈ ಬಿಗಿಯಾದ ಮನೆಗಳಲ್ಲಿ ಹೆಚ್ಚು. ಧರ್ಮಕ್ಕೆ ಸಂಬಂಧವಿಲ್ಲದ ಬೇರೆ ಗುಂಪುಗಳ ಕಡೆಗೆ ಇಂಥ ಓಟ ಇಷ್ಟು ಜೋರಾಗಿ ಕಾಣಲಿಲ್ಲ.

ಪಂಗಾಜಿಯಾನ್ ಅಂದರೆ ಏನು

ಇಲ್ಲಿ ಸ್ವಲ್ಪ ನಿಲ್ಲಬೇಕು. 'ಪ್ರಾರ್ಥನೆ ಜಾಸ್ತಿಯಾಯಿತು' ಅಂತ ಓದಿದ ಕೂಡಲೇ ಒಬ್ಬನೇ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತವನ ಚಿತ್ರ ಮನಸ್ಸಿಗೆ ಬರುತ್ತದೆ. ಸಮೀಕ್ಷೆ ಅಳೆದದ್ದು ಅದನ್ನಲ್ಲ. ಅಳೆದದ್ದು 'ಪಂಗಾಜಿಯಾನ್' ಅನ್ನುವ ಕೂಟವನ್ನು. ಅಕ್ಕಪಕ್ಕದವರು ಮಸೀದಿಯಲ್ಲೋ, ಸಣ್ಣ ಪ್ರಾರ್ಥನಾ ಮನೆಯಲ್ಲೋ, ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲೋ ಸೇರಿ ಕುರಾನ್ ಓದುತ್ತಾರೆ. ಹೆಂಗಸರದು ಎಷ್ಟೋ ಕಡೆ ಬೇರೆಯೇ ಕೂಟ. ಜಾವಾದಲ್ಲಿ ಗುರುವಾರ ರಾತ್ರಿ ಇದಕ್ಕೆ ವಿಶೇಷ. ಓದು ಮುಗಿದ ಮೇಲೆ ಮಾತುಕತೆ ಇರುತ್ತದೆ. ಯಾರಿಗೆ ಹುಷಾರಿಲ್ಲ, ಯಾರ ಮಗನ ಕೆಲಸ ಹೋಯಿತು, ಯಾರು ಎರಡು ವಾರದಿಂದ ಬಂದಿಲ್ಲ, ಎಲ್ಲವೂ ಅಲ್ಲಿ ಗೊತ್ತಾಗುತ್ತದೆ. ಕೆಲವು ಕೂಟಗಳಲ್ಲಿ 'ಅರಿಸಾನ್' ಕೂಡ ನಡೆಯುತ್ತದೆ. ಎಲ್ಲರೂ ಅಷ್ಟಷ್ಟು ಹಾಕಿ, ಒಂದೊಂದು ಸಲ ಒಬ್ಬೊಬ್ಬರು ಎತ್ತಿಕೊಳ್ಳುವ ಚೀಟಿ ಅದು.

ಇಸ್ಲಾಮಿನಲ್ಲಿ ಜಕಾತ್ ಕಡ್ಡಾಯ ದಾನ. ಉಳಿತಾಯದ ಸಂಪತ್ತಿನ ಮೇಲೆ ಅದರ ಮಾಮೂಲಿ ಲೆಕ್ಕ 2.5 ಶೇಕಡ. ಅದರಾಚೆಗೆ ತಾನಾಗಿಯೇ ಕೊಡುವ ಸದಕಾ ಇದೆ. ಕೊಡುವವನು ಇದ್ದಾನೆ, ಬೇಕಾದವನೂ ಇದ್ದಾನೆ. ಇಬ್ಬರೂ ವಾರಕ್ಕೊಮ್ಮೆ ಒಂದೇ ಚಾಪೆಯ ಮೇಲೆ ಕೂರುವುದು ಈ ಕೂಟದಲ್ಲಿ.

ಹಾಗಾದರೆ ಜನ ಬಂದದ್ದು ದೇವರಿಗೋ, ಚಾಪೆಗೋ?

ಸಾಲ ಸಿಗುವ ಊರು, ಸಿಗದ ಊರು

ನನ್ನ ಪ್ರಕಾರ ಈ ಪ್ರಕರಣದ ಜೀವ ಇರುವುದು ಇಲ್ಲಿ. ಚೆನ್ ಊರುಗಳನ್ನು ಇನ್ನೊಂದು ರೀತಿಯಲ್ಲಿ ನೋಡಿದರು. ಕೆಲವು ಊರುಗಳಲ್ಲಿ ಸಣ್ಣ ಸಾಲ ಕೊಡುವ ಬ್ಯಾಂಕೋ ಸಂಸ್ಥೆಯೋ ಇತ್ತು, ಕೆಲವು ಕಡೆ ಇರಲಿಲ್ಲ. ಇಂಡೋನೇಷ್ಯಾ ಈ ವಿಷಯದಲ್ಲಿ ಹಿಂದುಳಿದ ದೇಶವೇನಲ್ಲ. ಬ್ಯಾಂಕ್ ರಾಕ್ಯಾತ್ ಇಂಡೋನೇಷ್ಯಾ 1984ರಿಂದಲೇ ಹಳ್ಳಿಯ ಶಾಖೆಗಳಲ್ಲಿ ಕುಪೆಡೆಸ್ ಅನ್ನುವ ಸಣ್ಣ ಸಾಲ ಕೊಡುತ್ತಿತ್ತು. ದೊಡ್ಡ ಬ್ಯಾಂಕುಗಳು ಮುಳುಗುವಾಗ ಈ ಹಳ್ಳಿ ಶಾಖೆಗಳಿಗೆ ಠೇವಣಿ ಏರಿತು, ಸಾಲದ ಕಂತೂ ಸರಿಯಾಗಿಯೇ ವಾಪಸ್ಸು ಬಂತು. ಬಿಕ್ಕಟ್ಟಿನ ಕಥೆಯಲ್ಲಿ ಇದೊಂದು ಅಪರೂಪದ ಒಳ್ಳೆಯ ಸುದ್ದಿ.

ಸಾಲ ಸಿಗುವ ಕಡೆ ಸಂಕಟಕ್ಕೂ ಧರ್ಮದ ಕೂಟಕ್ಕೂ ಇದ್ದ ನಂಟು ಸಡಿಲವಾಗಿತ್ತು. ಪೆಟ್ಟು ಅದೇ. ಆದರೆ ಕೂಟದ ಕಡೆಗೆ ಓಟ ಕಮ್ಮಿ. ಸಾಲ ಸಿಗದ ಕಡೆ ಓಟ ಜೋರು.

ಬರೀ ಸಮಾಧಾನಕ್ಕಾಗಿ, ಮನಸ್ಸಿನ ನೋವಿಗಾಗಿ ಜನ ಹೋಗಿದ್ದರೆ ಪಕ್ಕದಲ್ಲಿ ಬ್ಯಾಂಕ್ ಶಾಖೆ ಇದೆಯೋ ಇಲ್ಲವೋ ಅನ್ನುವುದರಿಂದ ಇಷ್ಟು ವ್ಯತ್ಯಾಸ ಯಾಕಾಗಬೇಕಿತ್ತು? ಇನ್ನೊಂದು ದಿಕ್ಕಿನಿಂದಲೂ ಲೆಕ್ಕ ತಾಳೆಯಾಗುತ್ತದೆ. ಕೂಟದಲ್ಲಿ ಹೆಚ್ಚು ತೊಡಗಿಕೊಂಡ ಮನೆಗಳಿಗೆ ಆಮೇಲೆ ಸಾಲದ, ಸಹಾಯದ ಮುಗ್ಗಟ್ಟು ಕಮ್ಮಿಯಾಯಿತು. ಪೆಟ್ಟು ತಿಂದವರ ಖರ್ಚು ಪೂರಾ ಕುಸಿಯದಂತೆ ಧಾರ್ಮಿಕ ಸಂಸ್ಥೆಗಳು ನೋಡಿಕೊಂಡವು. ಒಟ್ಟಿನಲ್ಲಿ ಪಂಗಾಜಿಯಾನ್ ಒಂದು ವಿಮೆಯ ಕೆಲಸವನ್ನೂ ಮಾಡುತ್ತಿತ್ತು. ಮಾಮೂಲಿ ವಿಮೆಗೆ ಅಪಘಾತಕ್ಕೆ ಮುಂಚೆ ಕಂತು ಕಟ್ಟಿರಬೇಕು. ಇಲ್ಲಿ ಆದಮೇಲೂ ಸೇರಬಹುದಿತ್ತು. ಕಂತು ಕಟ್ಟಬೇಕಾದದ್ದು ಮಾತ್ರ ಹಾಜರಿಯ ರೂಪದಲ್ಲಿ.

ಹಾಜರಿ ಯಾಕೆ? ಸುಮ್ನೆ ಬಂದು 'ಕಷ್ಟ, ಸ್ವಲ್ಪ ಅಕ್ಕಿ ಕೊಡಿ' ಅಂದರೆ ಆಗುವುದಿಲ್ಲವಾ? ಒಂದೆರಡು ಸಲ ಆಗಬಹುದು. ಆದರೆ ಕೊಡುವವನ ಜಾಗದಲ್ಲಿ ನಿಂತು ನೋಡಿ. ಬಂದವನಿಗೆ ನಿಜಕ್ಕೂ ಇಲ್ಲವೋ, ನಾಟಕವೋ? ನಾಳೆ ಅವನ ದಿನ ತಿರುಗಿದಾಗ ನನಗೆ ಕೊಡುತ್ತಾನೋ, ಮುಖ ತಿರುಗಿಸುತ್ತಾನೋ? ಬ್ಯಾಂಕಾದರೆ ಅಡಮಾನ ಕೇಳುತ್ತದೆ. ನೆರೆಯವನು ಏನು ಕೇಳಬೇಕು? ಅವನು ಕೇಳಬಹುದಾದದ್ದು ಹೊತ್ತು, ಶ್ರಮ, ಶಿಸ್ತು. ದಿನದ ದುಡಿತ ಮುಗಿಸಿ ಸಂಜೆ ಬಂದು ಕೂರುವುದು, ಎಲ್ಲರ ಜೊತೆ ಓದುವುದು, ಎಲ್ಲರ ಕಣ್ಣಿಗೆ ಬೀಳುವುದು. ಧರ್ಮದ ಗುಂಪುಗಳು ಇಷ್ಟೊಂದು ಕಟ್ಟುಪಾಡು ಯಾಕೆ ಇಡುತ್ತವೆ ಅನ್ನುವುದಕ್ಕೆ ಲಾರೆನ್ಸ್ ಇಯಾನಕೋನ್ ಅನ್ನುವ ಅರ್ಥಶಾಸ್ತ್ರಜ್ಞ 1992ರಲ್ಲೇ ಹೆಚ್ಚುಕಮ್ಮಿ ಇದೇ ಉತ್ತರ ಕೊಟ್ಟಿದ್ದರು. ಪುಕ್ಕಟೆ ಗಿರಾಕಿಗಳನ್ನು ಸೋಸುವ ಜರಡಿ ಅದು. ಕಷ್ಟಪಟ್ಟು ಒಳಗೆ ಬಂದವನು ಕೈಕೊಟ್ಟು ಹೋಗುವ ಸಂಭವ ಕಮ್ಮಿ.

ಈ ವಿಮೆ ನಡೆಯಲು ಇನ್ನೊಂದು ಷರತ್ತಿದೆ, ಅದನ್ನು ಸುಲಭವಾಗಿ ಮರೆತುಬಿಡುತ್ತೇವೆ. ಊರಿನಲ್ಲಿ ಯಾರಾದರೂ ಚೆನ್ನಾಗಿರಬೇಕು. ಇಡೀ ಊರೇ ಮುಳುಗಿದರೆ ಯಾರು ಯಾರಿಗೆ ಕೊಡುತ್ತಾರೆ? 1998ರ ಪೆಟ್ಟು ವಿಚಿತ್ರವಾಗಿ ಹಂಚಿಕೆಯಾಗಿತ್ತು. ಮೇಷ್ಟ್ರ ಸಂಬಳ ಸವೆದುಹೋದ ಅದೇ ಬೀದಿಯಲ್ಲಿ ಗದ್ದೆಯವನ ಕಣಜ ತುಂಬಿತ್ತು. ಹಾಗಾಗಿಯೇ ಕೂಟದೊಳಗೆ ಹಂಚಿಕೊಳ್ಳಲು ಏನಾದರೂ ಉಳಿದಿತ್ತು. ಇಡೀ ಊರನ್ನು ಕೊಚ್ಚಿಕೊಂಡು ಹೋಗುವ ನೆರೆಗೋ ಭೂಕಂಪಕ್ಕೋ ಈ ಪ್ರಕರಣದ ಪಾಠವನ್ನು ಹಾಗೇ ಅಂಟಿಸಲಾಗದು.

ಒಪ್ಪದವರ ವಾದ

ಮೊದಲನೆಯದು, ರಾಜಕೀಯ. ಸುಹಾರ್ತೊ ಹೋದ ಮೇಲೆ ಸಂಘಟನೆಗಳಿಗೆ ಬಾಗಿಲು ತೆರೆಯಿತು. ಇಸ್ಲಾಮಿನ ಕಡೆಗೆ ಒಲವು ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ಏರುತ್ತಿತ್ತು. 1912ರಲ್ಲಿ ಹುಟ್ಟಿದ ಮುಹಮ್ಮದೀಯ, 1926ರಲ್ಲಿ ಹುಟ್ಟಿದ ನಹ್ದತುಲ್ ಉಲಮಾ ಎಂಬ ಎರಡು ದೊಡ್ಡ ಸಂಘಗಳು ಹಳ್ಳಿಹಳ್ಳಿಗೂ ಬೇರು ಬಿಟ್ಟಿದ್ದವು. ಕೂಟ ತುಂಬಲು ಅದೇ ಸಾಕಲ್ಲವಾ? ಸಾಕು. ಆದರೆ ಆ ಗಾಳಿ ಊರಿನ ಎಲ್ಲರಿಗೂ ಬೀಸಿತು. ಸಂಬಳದವನಿಗೆ ಜೋರಾಗಿ, ಗದ್ದೆಯವನಿಗೆ ಮೆಲ್ಲಗೆ ಬೀಸಲು ಕಾರಣವಿಲ್ಲ. ಈ ಆಕ್ಷೇಪ ನನಗೆ ಅಷ್ಟು ಗಟ್ಟಿ ಅನ್ನಿಸುವುದಿಲ್ಲ.

ಎರಡನೆಯದು, ಬಿಡುವು. ಕೆಲಸ ಇಲ್ಲದವನಿಗೆ ಹೊತ್ತು ಹೋಗಬೇಕಲ್ಲ, ಕೂಟಕ್ಕೆ ಹೋದ. ಆದರೆ ಮೇಷ್ಟ್ರ ಸಂಬಳದ ಬೆಲೆ ಇಳಿದ ಮಾತ್ರಕ್ಕೆ ಶಾಲೆಯ ಗಂಟೆ ಕಮ್ಮಿಯಾಗುವುದಿಲ್ಲ. ಬಿಡುವೇ ಕಾರಣವಾಗಿದ್ದರೆ ಬೇರೆ ಗುಂಪುಗಳಿಗೂ ಅಷ್ಟೇ ಜನ ಸೇರಬೇಕಿತ್ತು.

ಮೂರನೆಯದು ನಿಜಕ್ಕೂ ಕಾಡುವಂಥದ್ದು. ಸಾಲ ಸಿಗುವ ಊರಿನಲ್ಲಿ ಓಟ ಕಮ್ಮಿ ಅಂದರೆ ಜನ ದುಡ್ಡಿಗಾಗಿಯೇ ಬರುತ್ತಿದ್ದರು ಅಂತಲೇ ಆಗಬೇಕಾ? ಸಾಲ ಸಿಗುತ್ತದೆ ಅಂತ ಗೊತ್ತಿದ್ದವನಿಗೆ ಭಯವೂ ಕಮ್ಮಿ. ಭಯ ಕಮ್ಮಿಯಾದ್ದರಿಂದ ದೇವರ ಮೊರೆಯೂ ಕಮ್ಮಿಯಾಗಿರಬಹುದು. ನೆರೆಯವರ ಆಸರೆ, ದೇವರ ಆಸರೆ, ಎರಡನ್ನೂ ಸಾಲ ಒಂದೇ ಏಟಿಗೆ ಕಮ್ಮಿ ಮಾಡುತ್ತದೆ. ಇಂಡೋನೇಷ್ಯಾದ ಅಂಕಿಗಳನ್ನು ಎಷ್ಟು ತಿರುಗಿಸಿ ನೋಡಿದರೂ ಈ ಎರಡನ್ನು ಬೇರ್ಪಡಿಸುವುದು ಕಷ್ಟ.

ಆ ಗಂಟನ್ನು ಸ್ವಲ್ಪ ಸಡಿಲ ಮಾಡಿದ್ದು ಘಾನಾದ ಒಂದು ಪ್ರಯೋಗ. ಅದರ ವರದಿ 2020ರಲ್ಲಿ ಬಂತು. ಒಂದು ಪೆಂಟೆಕೋಸ್ಟಲ್ ಚರ್ಚಿನ ಸದಸ್ಯರಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಅಂತ್ಯಕ್ರಿಯೆಯ ವಿಮೆಗೆ ಸೇರಿಸಿದರು. ಉಳಿದವರಿಗೆ ಆ ವಿಮೆಯ ಬಗ್ಗೆ ಮಾಹಿತಿ ಮಾತ್ರ ಕೊಟ್ಟರು. ಆಮೇಲೆ ಎಲ್ಲರ ಕೈಗೂ ಒಂದಿಷ್ಟು ದುಡ್ಡು ಕೊಟ್ಟು, ಎಷ್ಟು ಇಟ್ಟುಕೊಳ್ಳುತ್ತೀರಿ, ಎಷ್ಟು ಚರ್ಚಿಗೆ ಕೊಡುತ್ತೀರಿ ಅಂತ ಕೇಳಿದರು. ವಿಮೆ ಇದ್ದವರು ಚರ್ಚಿಗೆ ಕೊಟ್ಟದ್ದು ಕಮ್ಮಿ. ಅಷ್ಟೇ ಆಗಿದ್ದರೆ 'ಚರ್ಚಿನ ಜನರ ಸಹಾಯ ಇನ್ನು ಬೇಡ' ಅಂತ ಅರ್ಥ ಮಾಡಬಹುದಿತ್ತು. ಆದರೆ ತಮ್ಮ ಚರ್ಚಿಗೆ ಸೇರದ, ದೇವರ ಹೆಸರಿನ ಬೇರೆ ಕೆಲಸಗಳಿಗೂ ಅವರು ಕಮ್ಮಿ ಕೊಟ್ಟರು. ಕಾಪಾಡುವುದು ದೇವರೇ ಅನ್ನುವ ನಂಬಿಕೆಯೂ ಇಲ್ಲಿ ವಿಮೆಯಾಗಿಯೇ ಕೆಲಸ ಮಾಡುತ್ತಿದೆ ಅಂತ ಸಂಶೋಧಕರು ಓದಿಕೊಂಡರು. ಜನರ ಆಸರೆಯನ್ನು ಅವರು ತಳ್ಳಿಹಾಕಲಿಲ್ಲ. ಎರಡೂ ಜೊತೆಜೊತೆಗೇ ಹರಿಯುತ್ತಿರಬಹುದು ಅಂದರು.

ಹಾಗಾಗಿ 'ಅವರು ಬಂದದ್ದು ಅಕ್ಕಿಗೆ, ಭಕ್ತಿಗಲ್ಲ' ಅನ್ನುವ ಮಾತು ನನಗೆ ಒಗ್ಗುವುದಿಲ್ಲ. ಆ ಚಾಪೆಯ ಮೇಲೆ ಕೂತವನನ್ನು ಕೇಳಿದರೆ ಅವನಿಗೇ ಈ ಎರಡು ಬೇರೆ ಬೇರೆ ಅಂತ ಅನ್ನಿಸುತ್ತಿತ್ತೋ ಇಲ್ಲವೋ. ನೆರೆಯವನ ಕೈಯಿಂದ ಅಕ್ಕಿ ಬಂದರೂ ಕೊಟ್ಟದ್ದು ದೇವರು ಅಂತಲೇ ನಂಬುವವರು ಎಲ್ಲ ಧರ್ಮದಲ್ಲೂ ಇದ್ದಾರೆ. ಅರ್ಥಶಾಸ್ತ್ರ ಎಳೆದ ಗೆರೆ ಅದು, ಅವರು ಎಳೆದದ್ದಲ್ಲ.

ದುಡ್ಡು ಬೇರೆ, ಭದ್ರತೆ ಬೇರೆ

ಈ ಪ್ರಕರಣ ಓದಿದವರು ಮಾಡುವ ಒಂದು ಅವಸರದ ತೀರ್ಮಾನ ಇದೆ. ಆದಾಯ ಏರಿದರೆ ಧರ್ಮದ ಕಡೆಗೆ ಹೋಗುವುದು ಇಳಿಯುತ್ತದೆ ಅಂತ. ಇಂಡೋನೇಷ್ಯಾ ಹೇಳಿದ್ದು ಹಾಗಲ್ಲ. ಬಿದ್ದಾಗ ಹಿಡಿಯಲು ಬೇರೆ ಕೈ ಇದ್ದರೆ ಕೂಟದ ಕೈ ಅಷ್ಟು ಬೇಕಾಗುವುದಿಲ್ಲ, ಅಷ್ಟೇ ಅದು ಹೇಳಿದ್ದು. ಜೇಬಿನಲ್ಲಿ ಎಷ್ಟಿದೆ ಅನ್ನುವುದು ಒಂದು ಪ್ರಶ್ನೆ. ನಾಳೆ ಬಿದ್ದರೆ ಯಾರು ಎತ್ತುತ್ತಾರೆ ಅನ್ನುವುದು ಬೇರೆಯೇ ಪ್ರಶ್ನೆ.

ಈಕ್ವೆಡಾರ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿ ಬಡ ಕುಟುಂಬಗಳಿಗೆ ಸರ್ಕಾರ ತಿಂಗಳು ತಿಂಗಳು ನಗದು ಕೊಡುತ್ತದೆ. ಬಡತನ ಅಳೆಯುವ ಅಂಕದಲ್ಲಿ ಒಂದು ಗೆರೆಯ ಕೆಳಗಿದ್ದರೆ ಸಿಗುತ್ತದೆ, ಮೇಲಿದ್ದರೆ ಇಲ್ಲ. ಗೆರೆಯ ಆಚೆ ಈಚೆ ಕೂದಲೆಳೆಯಲ್ಲಿ ಇದ್ದ ಕುಟುಂಬಗಳನ್ನು ಅರ್ಥಶಾಸ್ತ್ರಜ್ಞ ಥಾಮಸ್ ಬುಸರ್ ಹೋಲಿಸಿ ನೋಡಿದರು. ಅದು 2015ರಲ್ಲಿ ಪ್ರಕಟವಾಯಿತು. ಹಣ ಸಿಕ್ಕವರು ಚರ್ಚಿಗೆ ಹೋಗುವುದು ಜಾಸ್ತಿಯಾಗಿತ್ತು, ಕಮ್ಮಿಯಲ್ಲ! ಕ್ಯಾಥೊಲಿಕ್ ಚರ್ಚಿಗಿಂತ ಇವಾಂಜೆಲಿಕಲ್ ಗುಂಪುಗಳಲ್ಲಿ ಇರುವ ಸಂಭವವೂ ಹೆಚ್ಚಿತ್ತು. ಕೂಟ ಅಂದ ಮೇಲೆ ಖರ್ಚಿದೆ. ಕಾಣಿಕೆ ಹಾಕಬೇಕು, ಒಳ್ಳೆಯ ಬಟ್ಟೆ ಬೇಕು, ಹೋಗಿ ಬರಲು ದುಡ್ಡು ಬೇಕು. ತೀರಾ ಇಲ್ಲದವನು ಮುಜುಗರಕ್ಕೇ ದೂರ ಉಳಿಯಬಹುದು. ನನಗೆ ಇದೇ ಸರಿ ಅನ್ನಿಸುತ್ತದೆ.

ಇತ್ತ ಸರ್ಕಾರವೇ ಆಸರೆಯಾಗಿ ನಿಂತಾಗ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ 1930ರ ದಶಕ ಇದೆ. ಆರ್ಥಿಕ ಕುಸಿತದ ಆ ದಿನಗಳಲ್ಲಿ 'ನ್ಯೂ ಡೀಲ್' ಅನ್ನುವ ಸರ್ಕಾರಿ ಯೋಜನೆಯ ನೆರವು ಬಂದ ಮೇಲೆ ಚರ್ಚುಗಳು ಬಡವರಿಗಾಗಿ ಮಾಡುವ ಖರ್ಚು ಸುಮಾರು 30 ಶೇಕಡ ಇಳಿಯಿತು ಅಂತ ಗ್ರೂಬರ್ ಮತ್ತು ಹಂಗರ್‌ಮನ್ ಅನ್ನುವ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಇದು ಚರ್ಚಿನ ದಾನದ ಮಾತು, ಹಾಜರಿಯದಲ್ಲ.

ಇಂಡೋನೇಷ್ಯಾಕ್ಕೇ ವಾಪಸ್ಸು ಬಂದರೆ ಅಲ್ಲೂ ಕಥೆ ನೇರವಾಗಿಲ್ಲ. ಬಿಕ್ಕಟ್ಟು ಮುಗಿಯಿತು. ಆದಾಯ ಏರಿತು. 2014ರಿಂದ ದೇಶಕ್ಕೆಲ್ಲ ಒಂದು ಆರೋಗ್ಯ ವಿಮೆ ಬಂತು. ಆದರೂ ಪಂಗಾಜಿಯಾನ್ ಖಾಲಿಯಾಗಲಿಲ್ಲ. ಧರ್ಮ ತಮಗೆ ಬಹಳ ಮುಖ್ಯ ಅನ್ನುವವರು ಅಲ್ಲಿ ಇಂದಿಗೂ 100ರಲ್ಲಿ 90ಕ್ಕಿಂತ ಹೆಚ್ಚು. ದೇಶಗಳು ಭದ್ರವಾಗುತ್ತಾ ಹೋದ ಹಾಗೆ ಧರ್ಮದ ಹಿಡಿತ ಸಡಿಲವಾಗುತ್ತದೆ ಅಂತ ಪಿಪ್ಪಾ ನಾರಿಸ್ ಮತ್ತು ರೊನಾಲ್ಡ್ ಇಂಗಲ್‌ಹಾರ್ಟ್ ಅನ್ನುವ ರಾಜಕೀಯ ವಿಜ್ಞಾನಿಗಳು 2004ರಲ್ಲಿ ವಾದಿಸಿದ್ದರು. ಅವರು ತಲೆಮಾರುಗಳ ಲೆಕ್ಕದಲ್ಲಿ ಮಾತಾಡುತ್ತಿದ್ದರು. ಚೆನ್ ಲೆಕ್ಕ ಹಾಕಿದ್ದು ತಿಂಗಳುಗಳಲ್ಲಿ. ಒಂದನ್ನು ಇನ್ನೊಂದರ ಪುರಾವೆ ಮಾಡಿಕೊಳ್ಳುವುದು ತಪ್ಪು. ಕಷ್ಟಕ್ಕೆ ಸೇರಿದ ಗುಂಪನ್ನು ಕಷ್ಟ ಮುಗಿದ ಕೂಡಲೇ ಬಿಡುವುದೂ ಸುಲಭವಲ್ಲ. ಅಷ್ಟರಲ್ಲಿ ಗೆಳೆತನ ಆಗಿರುತ್ತದೆ, ಮಕ್ಕಳು ಆ ಶಾಲೆಯಲ್ಲಿ ಓದುತ್ತಿರುತ್ತಾರೆ, ಯಾರದೋ ಋಣ ಇರುತ್ತದೆ.

ಸರ್ಕಾರದ ಅಕ್ಕಿ

1998ರ ಜುಲೈಯಲ್ಲಿ, ಅಂದರೆ ಆ ಆಗಸ್ಟ್ ಸಮೀಕ್ಷೆಯ ಹೊತ್ತಿಗೆ, ಸರ್ಕಾರವೂ ಸುಮ್ಮನೆ ಕೂತಿರಲಿಲ್ಲ. 'ಒಪೆರಾಸಿ ಪಸಾರ್ ಖುಸುಸ್' ಅನ್ನುವ ಹೆಸರಿನಲ್ಲಿ ಬಡ ಮನೆಗಳಿಗೆ ಅಗ್ಗದ ಅಕ್ಕಿ ಶುರುವಾಯಿತು. ಮೊದಲಿಗೆ ತಿಂಗಳಿಗೆ 10 ಕಿಲೋ, ಕಿಲೋಗೆ 1,000 ರುಪಿಯಾ. ಪೇಟೆಯ ಬೆಲೆಗೆ ಹೋಲಿಸಿದರೆ ತುಂಬಾ ಅಗ್ಗ. ಯಾರು ಬಡವರು ಅನ್ನುವ ಪಟ್ಟಿಯೂ ಇತ್ತು.

ಎಷ್ಟೋ ಊರುಗಳಲ್ಲಿ ಆ ಪಟ್ಟಿ ಮೂಲೆ ಸೇರಿತು. ಊರಿನ ಮುಖ್ಯಸ್ಥರು ಮೂಟೆ ಬಿಚ್ಚಿ ಪಟ್ಟಿಯಲ್ಲಿ ಇಲ್ಲದವರಿಗೂ ಸಮನಾಗಿ ಹಂಚಿದರು. ಇದಕ್ಕೆ ಅಲ್ಲಿ 'ಬಾಗಿ ರಾತಾ' ಅನ್ನುತ್ತಾರೆ, ಸರಿಪಾಲು ಅಂತ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಟ್ಟರೆ ಊರಿನಲ್ಲಿ ಮನಸ್ತಾಪ. ಅದನ್ನು ಕಟ್ಟಿಕೊಳ್ಳಲು ಯಾರಿಗೂ ಇಷ್ಟವಿರಲಿಲ್ಲ. ಹೀಗೆ ಬಡವನ ಹೆಸರಿನಲ್ಲಿ ಬಂದ 10 ಕಿಲೋದಲ್ಲಿ ಬಡವನಿಗೆ ಕೆಲವೇ ಕಿಲೋ ದಕ್ಕಿತು, ಗದ್ದೆಯವನಿಗೂ ಅಷ್ಟೇ ದಕ್ಕಿತು. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಅಂತ ಗೊತ್ತಿದ್ದವರು ಊರಿನಲ್ಲಿ ಇರಲಿಲ್ಲ ಅಂತಲ್ಲ. ಅವರು ಗುರುವಾರ ರಾತ್ರಿ ಬೇರೆ ಕಡೆ ಸೇರುತ್ತಿದ್ದರು.